ರಥಬೀದಿಗಳ ಊರಿನಲ್ಲಿ ವಾಹನಗಳಿಗೆ ಎಡೆಯೆಲ್ಲಿ?

ದಸರಾ ರಜೆಯಿಂದ ಸಂಕ್ರಾಂತಿಯವರೆಗೆ, ಅದರಲ್ಲೂ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ವಾರದಲ್ಲಿ, ಹೊಸಪೇಟೆಯಿಂದ ಅನಂತಶಯನಗುಡಿ, ಕಡ್ಡಿರಾಂಪುರಗಳ ಮೂಲಕ ಹಂಪಿಗೆ ಸಾಗುವ ಸುಮಾರು 13 ಕಿಲೋಮೀಟರ್ ದಾರಿಯೂ ಕಮಲಾಪುರದ ಕಡೆಯಿಂದ ಬರುವ ದಾರಿಯೂ ವಾಹನಗಳಿಂದ ತುಂಬಿಹೋಗುವುದು ಪ್ರತಿವರ್ಷದ ಸಂಗತಿಯಾಗಿದೆ. ಶಾಲಾ ಪ್ರವಾಸದ ಬಸ್ಸುಗಳು, ಟೆಂಪೊ ಟ್ರಾವೆಲರ್‌ಗಳು, ಬೆಂಗಳೂರು ಮತ್ತು ಹೈದರಾಬಾದಿನ ಕಡೆಯಿಂದ ಬರುವ ಕಾರುಗಳು ಒಂದೇ ಹೊತ್ತಿಗೆ ಬಂದು ಸೇರುವುದರಿಂದ, ನಿಲುಗಡೆಗೆ ಜಾಗ ಸಾಲದಾಗಿ, ವಾಹನಗಳು ರಸ್ತೆಯ ಅಂಚಿನಲ್ಲಿ, ಸ್ಮಾರಕಗಳ ಮಗ್ಗುಲಲ್ಲಿ, ಬಾಳೆತೋಟಗಳ ಬದುವಿನಲ್ಲಿ ನಿಲ್ಲತೊಡಗುತ್ತವೆ. ಇದನ್ನು ಸಾಮಾನ್ಯವಾಗಿ ಜಾಗದ ಕೊರತೆಯೆಂದು ವಿವರಿಸಲಾಗುತ್ತದೆ. ಆದರೆ ಕೊರತೆಯಿರುವುದು ಜಾಗಕ್ಕಿಂತ ಹೆಚ್ಚಾಗಿ ವ್ಯವಸ್ಥೆಯದು ಎಂಬುದು ಹಂಪಿಯ ಭೂರಚನೆಯನ್ನೂ ಇತಿಹಾಸವನ್ನೂ ಗಮನಿಸಿದವರಿಗೆ ತಿಳಿಯುತ್ತದೆ.

ಮನರಂಜನಾ ಉದ್ಯಾನಗಳು ಮೊದಲು ನಿಲುಗಡೆಯ ಬಯಲನ್ನು ಅಳೆದು, ಆಮೇಲೆ ಪ್ರವೇಶದ್ವಾರವನ್ನು ಕಟ್ಟುತ್ತವೆ. ಹಂಪಿಗೆ ಆ ಅನುಕೂಲವಿಲ್ಲ. 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರುಗಳಲ್ಲಿ ಹರಡಿದ್ದು, ಅದರಲ್ಲಿ 1600ಕ್ಕೂ ಮಿಕ್ಕ ಅವಶೇಷಗಳಿವೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ‘ನಿಷೇಧಿತ ವಲಯ’, ಎಂದರೆ ಹೊಸದಾಗಿ ಏನನ್ನೂ ಕಟ್ಟಲಾಗದ ನೆಲ. ಅದರಾಚೆಯ 200 ಮೀಟರ್ ‘ನಿಯಂತ್ರಿತ ವಲಯ’, ಎಂದರೆ ಅನುಮತಿಯಿದ್ದರಷ್ಟೇ ಕಟ್ಟಬಹುದಾದ ನೆಲ. ಸ್ಮಾರಕಗಳು ಇಷ್ಟು ಒತ್ತೊತ್ತಾಗಿರುವಲ್ಲಿ ಈ ವಲಯಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಉಳಿದ ನೆಲದಲ್ಲಿ ಬಹುಭಾಗ ವಿಜಯನಗರ ಕಾಲದ ತುರ್ತು ಕಾಲುವೆ ಮುಂತಾದವುಗಳ ನೀರಿನಿಂದ ಇಂದಿಗೂ ಬೆಳೆ ತೆಗೆಯುತ್ತಿರುವ ಗದ್ದೆ ಮತ್ತು ತೋಟವಾಗಿದೆ. ಆ ಕಾಲುವೆಗಳೂ ಆ ಬೇಸಾಯವೂ ಗುಡಿಗೋಪುರಗಳಷ್ಟೇ ಪರಂಪರೆಯಾಗಿರುವುದರಿಂದ, ಗದ್ದೆಯನ್ನು ಮಣ್ಣು ತುಂಬಿ ಮಟ್ಟಮಾಡಿ ಕಾರುಗಳಿಗೆ ಬಿಡುವುದು ಒಂದು ಸ್ಮಾರಕವನ್ನು ನೋಡಲು ಇನ್ನೊಂದನ್ನು ಅಳಿಸಿದಂತೆಯೇ ಆಗುತ್ತದೆ.

ಈ ನಗರವನ್ನು ಕಟ್ಟಿದವರು ಬಂದು ಸೇರುವವರ ವಿಚಾರವನ್ನು ಮರೆತಿರಲಿಲ್ಲ. ಸುಮಾರು 1520ರ ಹೊತ್ತಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಕೃಷ್ಣದೇವರಾಯ ಕಟ್ಟಿಸಿದ ಹೊಸ ಪಟ್ಟಣದಿಂದ, ಎಂದರೆ ಇಂದಿನ ಹೊಸಪೇಟೆಯೆಂದು ವಿದ್ವಾಂಸರು ಗುರುತಿಸುವ ಊರಿನಿಂದ, ರಾಜಧಾನಿಯ ಕಡೆಗೆ ಹೋಗುತ್ತಿದ್ದ ಬೀದಿಯನ್ನು ವರ್ಣಿಸುತ್ತಾ, ಅದು ಬಹಳ ಅಗಲವಾಗಿತ್ತೆಂದೂ ಅದರ ಎರಡೂ ಬದಿಗಳಲ್ಲಿ ಮನೆ ಮತ್ತು ಅಂಗಡಿಗಳ ಸಾಲು ಇತ್ತೆಂದೂ ಹಾದುಹೋಗುವವರಿಗೆ ನೆರಳಾಗಲೆಂದು ಅರಸನು ಮರಗಳನ್ನು ನೆಡಿಸಿದ್ದನೆಂದೂ ದಾಖಲಿಸಿದ್ದಾನೆ. ಕೃಷ್ಣದೇವರಾಯನ ಕಾಲದ ಅನಂತಶಯನ ಗುಡಿ ಇಂದಿಗೂ ಹೊಸಪೇಟೆ–ಹಂಪಿ ದಾರಿಯಲ್ಲಿದೆ. ವಿಜಯ ವಿಠ್ಠಲ ದೇವಸ್ಥಾನದ ದಾರಿಯಲ್ಲಿರುವ ಗೆಜ್ಜಲ ಮಂಟಪ ಮತ್ತು ಕುದುರೆಗೊಂಬೆ ಮಂಟಪಗಳು, ವಿರೂಪಾಕ್ಷನ ರಥಬೀದಿಯ ಸಾಲುಮಂಟಪಗಳು, ಕೃಷ್ಣ ದೇವಸ್ಥಾನದ ಎದುರಿನ ಬಜಾರು, ಇವೆಲ್ಲ ನಡೆದು ಬರುವವರ ಹೆಜ್ಜೆಗೂ ಎತ್ತಿನ ಗಾಡಿಯ ಗತಿಗೂ ಹೊಂದುವ ಅಳತೆಯಲ್ಲಿ ರೂಪುಗೊಂಡವು. ಕಮಲಾಪುರದಿಂದ ವಿಠ್ಠಲನ ಗುಡಿಯ ಕಡೆಗೆ ಹೋಗುವ ವಾಹನಗಳು ಇಂದಿಗೂ ಕೋಟೆಯ ತಳವಾರಘಟ್ಟ ಬಾಗಿಲಿನ ಒಳಗಿನಿಂದಲೇ ನುಸುಳುತ್ತವೆ. ಕಮಲಾಪುರ–ಹಂಪಿ ರಸ್ತೆ ಕೃಷ್ಣ ದೇವಸ್ಥಾನವನ್ನೂ ಅದರ ಬಜಾರನ್ನೂ ಬೇರ್ಪಡಿಸಿ ನಡುವೆ ಹಾದುಹೋಗುತ್ತದೆ. ಗಾರೆಯ ಬೆಸುಗೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿರಿಸಿ ಎತ್ತಿದ ಮಂಟಪಗಳು ತಮ್ಮ ತೂಕದ ಸಮತೋಲದಿಂದಲೇ ನಿಂತಿವೆ. 2024ರ ಮೇ ತಿಂಗಳಿನಲ್ಲಿ ಮಳೆಗೆ ರಥಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದದ್ದನ್ನು ಕಂಡಮೇಲೆ, ಇಂಥ ರಚನೆಗಳ ಮಗ್ಗುಲಲ್ಲಿ ದೊಡ್ಡ ಬಸ್ಸುಗಳನ್ನು ಹಿಂದೆಮುಂದೆ ಮಾಡಿ ನಿಲ್ಲಿಸುವುದನ್ನು ಸಣ್ಣ ವಿಷಯವೆನ್ನಲು ಬಾರದು.

ರಜಾದಿನದ ದಟ್ಟಣೆಗೆ ಪ್ರವಾಸದ ವೇಳಾಪಟ್ಟಿಯೂ ಕಾರಣ. ವಿಠ್ಠಲ ದೇವಸ್ಥಾನದಲ್ಲಿ ಪಡೆದ ಟಿಕೆಟ್ಟು ಅದೇ ದಿನ ಕಮಲ ಮಹಲ್ ಮತ್ತು ಗಜಶಾಲೆಗಳಿರುವ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಸಲ್ಲುವುದರಿಂದ, ಬಂದವರು ಒಂದೇ ಹಗಲಿನಲ್ಲಿ ಎಲ್ಲವನ್ನೂ ಮುಗಿಸಲು ವಾಹನವನ್ನು ತಾಣದಿಂದ ತಾಣಕ್ಕೆ ಕೊಂಡೊಯ್ಯುತ್ತಾರೆ. ಹೀಗಾಗಿ ಒಂದೇ ಕಾರು ನಾಲ್ಕೈದು ಕಡೆ ನಿಲುಗಡೆಯನ್ನು ಬೇಡುತ್ತದೆ. ಬಿಸಿಲೇರುವ ಮುನ್ನ ಎಲ್ಲರಿಗೂ ವಿಠ್ಠಲ ದೇವಸ್ಥಾನದ ಕಲ್ಲಿನ ರಥವೇ ಬೇಕು, ಸಂಜೆಗೆ ಎಲ್ಲರಿಗೂ ಹೇಮಕೂಟ ಗುಡ್ಡವೇ ಬೇಕು. 50 ರೂಪಾಯಿಯ ನೋಟಿನಲ್ಲಿ ಆ ರಥ ಅಚ್ಚಾದಮೇಲೆ ನೋಟನ್ನು ಹಿಡಿದು ಅದರೆದುರು ಚಿತ್ರ ತೆಗೆಸಿಕೊಳ್ಳುವ ಆಸೆಯೂ ಸಹಜವೇ.

ನಗರ ಯೋಜಕರು ನಿಲುಗಡೆಯನ್ನು ಲೆಕ್ಕಹಾಕಲು ‘ಕಾರು-ಸಮಾನ ಸ್ಥಳ’ ಎಂಬ ಮಾನವನ್ನು ಬಳಸುತ್ತಾರೆ. ಬಯಲಿನಲ್ಲಿ ಒಂದು ಕಾರು ನಿಲ್ಲಲು, ತಿರುಗಲು, ಹೊರಬರಲು ಬೇಕಾಗುವ ಒಟ್ಟು ನೆಲವೇ ಈ ಮಾನ. ಭಾರತದಲ್ಲಿ ಅದನ್ನು ಸುಮಾರು 23 ಚದರ ಮೀಟರ್ ಎಂದು ಹಿಡಿಯಲಾಗುತ್ತದೆ. ಕಾರಿಗೆ ನಾಲ್ವರಂತೆ 500 ಮಂದಿ ಬಂದರೆ 125 ಕಾರುಗಳಾಗಿ, ಅವುಗಳಿಗೆ ಮುಕ್ಕಾಲು ಎಕರೆಯ ಸಮೀಪದಷ್ಟು ನೆಲ ಇಡೀ ಹಗಲು ಮುಡಿಪಾಗಬೇಕು. ಅದೇ 500 ಮಂದಿ ಹತ್ತು ಬಸ್ಸುಗಳಲ್ಲಿ ಬಂದಿಳಿದು, ಬಸ್ಸುಗಳು ಹಿಂದಿರುಗಿದರೆ, ಇಳಿಸಿ ಹತ್ತಿಸಿಕೊಳ್ಳುವ ಒಂದು ಅಂಗಳ ಸಾಕು. ನಿಲುಗಡೆಯನ್ನು ಹಿಗ್ಗಿಸಿದಷ್ಟೂ ವಾಹನ ತರಲು ಹಿಂಜರಿಯುತ್ತಿದ್ದವರೂ ತರತೊಡಗುತ್ತಾರೆ. ಇದನ್ನು ಸಾರಿಗೆ ಶಾಸ್ತ್ರ ‘ಪ್ರೇರಿತ ಬೇಡಿಕೆ’ ಎನ್ನುತ್ತದೆ. ಆದ್ದರಿಂದ ಹಂಪಿಯೊಳಗೆ ಇನ್ನೊಂದು ಮೈದಾನವನ್ನು ತೆರೆಯುವುದು ಒಂದೆರಡು ವರ್ಷಗಳ ಸಮಾಧಾನವಷ್ಟೇ ಆದೀತು.

ಸುತ್ತಲಿನ ಊರುಗಳ ದಾರಿಗಳೂ ಈ ಒತ್ತಡದಲ್ಲಿ ಪಾಲುಗೊಳ್ಳುತ್ತವೆ. ಬಳ್ಳಾರಿಯ ಕಡೆಯಿಂದ ಬರುವ ಪ್ರವಾಸಿಗರು ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಮೂಲಕ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಅದಿರು ಲಾರಿಗಳ ಜೊತೆಯಲ್ಲೇ ಸಾಗಬೇಕು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ, ಗಂಗಾವತಿಯತ್ತ ಹೋಗುವವರು ಬುಕ್ಕಸಾಗರ–ಕಡೇಬಾಗಿಲು ಸೇತುವೆಯನ್ನು ಹಿಡಿಯುವುದರಿಂದ, ಮಾಲ್ಯವಂತ ಬೆಟ್ಟದ ಮಗ್ಗುಲಿನ ಕಮಲಾಪುರ–ಕಂಪ್ಲಿ ರಸ್ತೆಯಲ್ಲಿ ಪ್ರವಾಸಿಗರೂ ಊರವರೂ ಒಟ್ಟಾಗಿ ಸಿಲುಕುತ್ತಾರೆ. ರಸ್ತೆ ಕಟ್ಟಿಹೋದಾಗ ಸಂತೆಗೆ ಹೊರಟ ರೈತನೂ ಆಸ್ಪತ್ರೆಗೆ ಹೊರಟ ಬಾಣಂತಿಯೂ ಅಲ್ಲೇ ಕಾಯಬೇಕಾಗುತ್ತದೆಂಬುದು ಪ್ರವಾಸೋದ್ಯಮದ ಲೆಕ್ಕಗಳಲ್ಲಿ ಕಾಣುವುದಿಲ್ಲ.

ಬೇರೆಡೆಯ ಅನುಭವ ಒಂದು ದಿಕ್ಕನ್ನು ತೋರುತ್ತದೆ. ಆಗ್ರಾದ ತಾಜ್‌ಮಹಲಿನ ಸುತ್ತ 500 ಮೀಟರ್ ಒಳಗೆ ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳನ್ನು ತಡೆದು, ಸಂದರ್ಶಕರನ್ನು ಬ್ಯಾಟರಿ ವಾಹನಗಳಲ್ಲಿ ಕರೆದೊಯ್ಯಲಾಗುತ್ತದೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ 2013ರಲ್ಲಿ ಶಿಲಾವರ್ತುಲದ ಪಕ್ಕದ ರಸ್ತೆಯನ್ನೇ ಮುಚ್ಚಿ ಹುಲ್ಲು ಬೆಳೆಸಿ, ಸ್ವಾಗತ ಕೇಂದ್ರವನ್ನೂ ನಿಲುಗಡೆಯನ್ನೂ ಎರಡು ಕಿಲೋಮೀಟರಿಗೂ ದೂರ ಇರಿಸಲಾಯಿತು. ಹಂಪಿಯಲ್ಲಿ ಇದರ ಬೀಜ ಆಗಲೇ ಮೊಳೆತಿದೆ. ವಿಠ್ಠಲ ದೇವಸ್ಥಾನದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ಗೆಜ್ಜಲ ಮಂಟಪದ ಬಳಿ, ವಾಹನಗಳನ್ನು ತಡೆದು, ಅಲ್ಲಿಂದ ಮುಂದಕ್ಕೆ ಬ್ಯಾಟರಿ ವಾಹನಗಳನ್ನು ಓಡಿಸಲಾಗುತ್ತಿದೆ. ಮಹಿಳೆಯರೇ ಅವುಗಳನ್ನು ಚಲಾಯಿಸುತ್ತಿರುವುದು ಮೆಚ್ಚಬೇಕಾದ ಸಂಗತಿ. ಆದರೆ ಜನ ಕಿಕ್ಕಿರಿದ ದಿನಗಳಲ್ಲಿ ಅಲ್ಲಿ ಸರದಿ ಬಹಳ ಉದ್ದವಾಗುವುದರಿಂದ, ವಾಹನಗಳ ಸಂಖ್ಯೆಯನ್ನು ಹೆಚ್ಚಿಸುವುದರ ಜೊತೆಗೆ ನಡೆದು ಹೋಗುವವರಿಗೆ ನೆರಳು ಮತ್ತು ಕುಡಿಯುವ ನೀರನ್ನು ಒದಗಿಸಬೇಕು. ಹಂಪಿ ಉತ್ಸವದ ದಿನಗಳಲ್ಲಿ ಹೊರವಲಯದಲ್ಲಿ ತಾತ್ಕಾಲಿಕ ನಿಲುಗಡೆಯನ್ನು ಗೊತ್ತುಪಡಿಸಿ ವಿಶೇಷ ಬಸ್ಸುಗಳನ್ನು ಓಡಿಸುವ ಆಡಳಿತಕ್ಕೆ, ಅದೇ ಏರ್ಪಾಡನ್ನು ರಜಾಕಾಲದ ಎಲ್ಲ ವಾರಾಂತ್ಯಗಳಿಗೂ ವಿಸ್ತರಿಸುವುದು ಅಸಾಧ್ಯವಲ್ಲ.

ಆದರೂ ಒಂದು ಎಚ್ಚರಿಕೆ ಬೇಕು. ಹಂಪಿ 1999ರಿಂದ 2006ರವರೆಗೆ ಯುನೆಸ್ಕೊದ ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಯಲ್ಲಿದ್ದುದಕ್ಕೆ ತಾಣದೊಳಗೆ ಸೇತುವೆಗಳನ್ನು ಕಟ್ಟಹೊರಟದ್ದು ಮುಖ್ಯ ಕಾರಣವಾಗಿತ್ತು. 2011ರ ಜುಲೈನಲ್ಲಿ ರಥಬೀದಿಯ ಸಾಲುಮಂಟಪಗಳಲ್ಲಿ ಬಾಳುತ್ತಿದ್ದ ಕುಟುಂಬಗಳನ್ನು ತೆರವುಗೊಳಿಸಿದ ರೀತಿ ಊರಿನ ಮನಸ್ಸಿನಲ್ಲಿ ಉಳಿಸಿದ ಗಾಯ ಇನ್ನೊಂದು ಬಗೆಯದು. ಊರವರನ್ನು ಕೇಳದೆ ಮಾಡಿದ ಯೋಜನೆ ಇಲ್ಲಿ ನಿಲ್ಲುವುದಿಲ್ಲ. ನಿಲುಗಡೆಯನ್ನು ಹೊರವಲಯಕ್ಕೆ ಒಯ್ಯುವಾಗ ಹೊಸಪೇಟೆ ಮತ್ತು ಕಮಲಾಪುರದ ಆಟೊ ಚಾಲಕರು, ಮಾರ್ಗದರ್ಶಿಗಳು, ಸೈಕಲ್ ಬಾಡಿಗೆಯವರು, ಎಳನೀರು ಮಾರುವವರು ಆ ವ್ಯವಸ್ಥೆಯ ಪಾಲುದಾರರಾಗಬೇಕು. ಅವರ ದುಡಿಮೆಗೆ ಎಡೆಯಿಲ್ಲದ ಏರ್ಪಾಡು ನ್ಯಾಯವೆನಿಸದು.

ಅಲ್ಲಿಯವರೆಗೆ ಪ್ರವಾಸಿಗರೂ ಕೆಲವನ್ನು ಮಾಡಬಹುದು. ಹಂಪಿ ಎಕ್ಸ್‌ಪ್ರೆಸ್ ಸೇರಿದಂತೆ ಹಲವು ರೈಲುಗಳು ಹೊಸಪೇಟೆಯಲ್ಲಿ ನಿಲ್ಲುತ್ತವೆ. ಅಲ್ಲಿನ ಬಸ್ ನಿಲ್ದಾಣದಿಂದ ಹಂಪಿಗೆ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ. ಕಾರಿನಲ್ಲೇ ಬಂದವರು ಅದನ್ನು ಹೊಸಪೇಟೆಯ ವಸತಿಗೃಹದಲ್ಲೇ ಬಿಟ್ಟು, ಬಸ್ಸಿನಲ್ಲೋ ಆಟೊದಲ್ಲೋ ಹಂಪಿಗೆ ಹೋಗಿ, ಎರಡು ದಿನಗಳನ್ನು ಮೀಸಲಿಟ್ಟು ನಡೆದು ನೋಡಬೇಕೆಂಬುದು ಈ ರಜೆಯಲ್ಲಿ ಅಲ್ಲಿಗೆ ಹೊರಟಿರುವ ಓದುಗರಲ್ಲಿ ವಿನಂತಿ.