ಮಂದವಾದ ಕೇಬಲ್ ಇಂಟರ್‌ನೆಟ್ಟು
ಕೇಬಲ್ಲಿನ ಮೂಲಕ ಮನೆಗೆ ಬರುವ ಇಂಟರ್‌ನೆಟ್ಟು ಪದೇ ಪದೇ ಕಡಿದುಹೋಗುತ್ತಿರುವಾಗ, ಸಕಲ ದೋಷವನ್ನೂ ವೈಫೈಯ ಮೇಲೆ ಹೊರಿಸುವ ಮುನ್ನ, ಲ್ಯಾಪ್‌ಟಾಪನ್ನು ಲ್ಯಾನ್ ತಂತಿಯಿಂದ ನೇರವಾಗಿ ಮೋಡೆಮ್ಮಿಗೆ ಜೋಡಿಸಿ ವೇಗವನ್ನು ಪರೀಕ್ಷಿಸತಕ್ಕದ್ದು. ಆಗಲೂ ಗತಿ ಮಂದವಾಗಿದ್ದರೆ, ಟೀವಿಗೂ ಮೋಡೆಮ್ಮಿಗೂ ಸಿಗ್ನಲನ್ನು ಹಂಚುವ ಆ ಪುಟ್ಟ ಸ್ಪ್ಲಿಟರಿನ ಮೇಲೆಯೇ ನನಗೆ ವಿಶೇಷ ಸಂಶಯ. ಏಕೆಂದರೆ ಎರಡು ಕವಲಿನ ಸ್ಪ್ಲಿಟರು ಪ್ರತಿಯೊಂದು ಕವಲಿನಲ್ಲಿಯೂ ಸುಮಾರು 3.5 ಡೆಸಿಬೆಲ್, ಎಂದರೆ ಅರ್ಧಕ್ಕಿಂತ ತುಸು ಹೆಚ್ಚೇ ಶಕ್ತಿಯನ್ನು ಕುಗ್ಗಿಸುತ್ತದೆ, ಮತ್ತು ಒಂದರ ಹಿಂದೊಂದನ್ನು ಜೋಡಿಸಿದಲ್ಲಿ ಆ ನಷ್ಟವು ಕೂಡುತ್ತಲೇ ಹೋಗುತ್ತದೆ. ಅನಾವಶ್ಯಕವಾದುದನ್ನು ಕಳಚಿರಿ, ಸಡಿಲವಾದ ಕನೆಕ್ಟರುಗಳನ್ನು ಬಿಗಿಗೊಳಿಸಿರಿ. ಅನಂತರ ಬ್ರೌಸರಿನಲ್ಲಿ 192.168.100.1 ಎಂಬ ವಿಳಾಸವನ್ನು ತೆರೆದರೆ, ಅನೇಕ ಮೋಡೆಮ್ಮುಗಳು ತಮಗೆ ದೊರೆಯುತ್ತಿರುವ ಸಿಗ್ನಲಿನ ಬಲವನ್ನು ತಾವೇ ತೋರಿಸುತ್ತವೆ: ಡೌನ್‌ಸ್ಟ್ರೀಮ್ ಪವರ್ ಎಂಬಲ್ಲಿ ಅಂಕಿಯು ಋಣ 7ರಿಂದ ಧನ 7ರೊಳಗೆ ಇರುವುದು ಕ್ಷೇಮ. ಇಷ್ಟಾದ ಮೇಲೂ ಅದು ಈ ಮಿತಿಯನ್ನು ಮೀರಿಯೇ ಇದ್ದರೆ, ಆ ಪುಟದ ಚಿತ್ರವನ್ನು ತೆಗೆದಿಟ್ಟುಕೊಂಡು ತಂತ್ರಜ್ಞರನ್ನು ಕರೆಯಿರಿ.