ಸರ್ಕಾರದ ಪಾಠಚಿತ್ರ ಊರಿಗೆ ತಲುಪುವ ಬಗೆ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷ ಮೊದಲೇ ವಿಜಾಪುರ ಜಿಲ್ಲೆಯ ಹಳ್ಳಿಗಳ ಮಂದಿ ಸಂಜೆಯಾದರೆ ಒಂದೆಡೆ ಸೇರಿ ಟಿವಿ ನೋಡುತ್ತಿದ್ದರು. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅಲ್ಲಿಯವರೆಗೆ ಲೋಕಾಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲವೂ ವಿಜಾಪುರ ಜಿಲ್ಲೆಯ ಊರುಗಳೇ. ಆ ಟಿವಿಯಲ್ಲಿ ಹೆಚ್ಚಾಗಿ ಬರುತ್ತಿದ್ದುದು ಬೇಸಾಯ, ಆರೋಗ್ಯ, ಶಾಲೆಯ ಪಾಠ. ಅವನ್ನು ತಯಾರಿಸಿ ಕಳುಹಿಸುತ್ತಿದ್ದುದು ಸರ್ಕಾರ.

ಜನರಿಗೆ ಕಲಿಸಲೆಂದು ಸರ್ಕಾರ ಚಿತ್ರ ತೆಗೆಯುವುದು ಇಂದಿಗೂ ನಿಂತಿಲ್ಲ. ಶಿಕ್ಷಕರ ತರಬೇತಿ, ಮತಗಟ್ಟೆ ಸಿಬ್ಬಂದಿಯ ತರಬೇತಿ, ಹನಿ ನೀರಾವರಿ, ಬಾಣಂತಿಯ ಆರೈಕೆ, ಎಲ್ಲಕ್ಕೂ ಚಿತ್ರಗಳಿವೆ. ಇವು ಹೇಗೆ ತಯಾರಾಗುತ್ತವೆ, ಹೇಗೆ ಊರು ಮುಟ್ಟುತ್ತವೆ, ಎಲ್ಲಿ ಫಲ ಕೊಡುತ್ತವೆ ಎಂದು ತಿಳಿದರೆ ಅವನ್ನು ಸರಿಯಾಗಿ ಬಳಸಿಕೊಳ್ಳಬಹುದು.

ವ್ಯಾನಿನಲ್ಲಿ ಬಂದ ಪರದೆ

ಸ್ವತಂತ್ರ ಭಾರತದಲ್ಲಿ ಈ ಕೆಲಸದ ಮೊದಲ ದೊಡ್ಡ ಸಂಸ್ಥೆ ಫಿಲ್ಮ್ಸ್ ಡಿವಿಷನ್. 1948ರಲ್ಲಿ ಮುಂಬೈಯಲ್ಲಿ ಶುರುವಾಯಿತು. 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿತು. ಅದರ ಚಿತ್ರಗಳು ಎರಡು ದಾರಿಯಲ್ಲಿ ಜನರನ್ನು ಮುಟ್ಟುತ್ತಿದ್ದವು. ಮೊದಲನೆಯದು ಟಾಕೀಸು. ಮುಖ್ಯ ಸಿನಿಮಾಕ್ಕೆ ಮುಂಚೆ ಸರ್ಕಾರದ ಒಪ್ಪಿಗೆ ಪಡೆದ ಕಿರುಚಿತ್ರ ತೋರಿಸಲೇಬೇಕೆಂಬುದು ಟಾಕೀಸಿನ ಲೈಸೆನ್ಸಿನ ಷರತ್ತಾಗಿತ್ತು. ಎರಡನೆಯದು ಪ್ರಚಾರ ವ್ಯಾನು. ಪ್ರೊಜೆಕ್ಟರ್, ಪರದೆ, ಧ್ವನಿವರ್ಧಕ ಹೊತ್ತು ಟಾಕೀಸು ಇಲ್ಲದ ಊರಿಗೂ ಅದು ಹೋಗುತ್ತಿತ್ತು.

ವ್ಯಾನಿನಲ್ಲಿ ಬರುತ್ತಿದ್ದುದು 16 ಮಿಲಿಮೀಟರ್ ರೀಲು. ಟಾಕೀಸಿನ 35 ಮಿಲಿಮೀಟರ್ ರೀಲಿನಲ್ಲಿ 11 ನಿಮಿಷದ ಚಿತ್ರಕ್ಕೆ ಸುಮಾರು 1,000 ಅಡಿ ಫಿಲ್ಮು ಬೇಕಾದರೆ, ಇದರಲ್ಲಿ 400 ಅಡಿ ಸಾಕು. ಹಳೆಯ 35 ಮಿಲಿಮೀಟರ್ ಫಿಲ್ಮಿನಂತೆ ಭಗ್ಗನೆ ಬೆಂಕಿ ಹಿಡಿಯುವ ವಸ್ತುವಿನಿಂದ ಮಾಡಿದ್ದೂ ಅಲ್ಲ. ಹಾಗಾಗಿ ಬೆಂಕಿ ತಡೆಯುವ ಕೋಣೆ ಇಲ್ಲದೆಯೇ ಗುಡಿಯ ಮುಂದೆ, ಶಾಲೆಯ ಬಯಲಿನಲ್ಲಿ ಪ್ರೊಜೆಕ್ಟರ್ ಇಟ್ಟು ತೋರಿಸಬಹುದಿತ್ತು.

ಆ ಕಾಲದ ಚಿತ್ರಗಳಲ್ಲಿ ಕಾಣುವ ಮಂದಿ ಮಾತಾಡುವುದು ಕಡಿಮೆ; ಹಿಂದಿನಿಂದ ಒಂದೇ ಗಂಭೀರ ಧ್ವನಿ ವಿವರಿಸುತ್ತಿರುತ್ತದೆ. ಇದಕ್ಕೆ ಭಾಷೆಯ ಲೆಕ್ಕಾಚಾರವೂ ಒಂದು ಕಾರಣ. ಒಂದೇ ಚಿತ್ರವನ್ನು ಹತ್ತಾರು ಭಾಷೆಗಳಿಗೆ ಕೊಡಬೇಕಾದರೆ ತುಟಿ ಚಲನೆಗೆ ಮಾತು ಹೊಂದಿಸುವುದು ಬಹಳ ಖರ್ಚಿನ ಕೆಲಸ. ಹಿನ್ನೆಲೆಯ ವಿವರಣೆಯಾದರೆ ಆ ಧ್ವನಿಯೊಂದನ್ನೇ ಬದಲಿಸಿದರೆ ಸಾಕು, ಚಿತ್ರ ಕನ್ನಡದ್ದಾಗುತ್ತದೆ.

ಮುಗಿಲಿನಿಂದ ಇಳಿದ ಪಾಠ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆದದ್ದು ಉಪಗ್ರಹ ಆಧಾರಿತ ಬೋಧನಾ ದೂರದರ್ಶನ ಪ್ರಯೋಗ. ‘ಸೈಟ್’ ಎಂಬುದು ಅದರ ಚಿಕ್ಕ ಹೆಸರು. ವಿಕ್ರಮ್ ಸಾರಾಭಾಯಿ ಅವರ ಕನಸಿನಂತೆ 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಗಿತ್ತು. ಪ್ರಯೋಗ ಶುರುವಾದಾಗ ಸಾರಾಭಾಯಿ ಅವರೇ ಇರಲಿಲ್ಲ, 1971ರಲ್ಲಿ ತೀರಿಕೊಂಡಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಯಿತು. ಕರ್ನಾಟಕದಿಂದ ಆಯ್ಕೆಯಾದವು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಕನ್ನಡ ಕಾರ್ಯಕ್ರಮಗಳನ್ನು ಹೈದರಾಬಾದಿನ ಕೇಂದ್ರದಲ್ಲಿ ತಯಾರಿಸುತ್ತಿದ್ದರು. ಅಹಮದಾಬಾದಿನ ಭೂಕೇಂದ್ರದಿಂದ ಅವನ್ನು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ನಾಸಾದ ಎಟಿಎಸ್-6 ಉಪಗ್ರಹಕ್ಕೆ ಕಳುಹಿಸುತ್ತಿದ್ದರು. ಕೊಡೆಯಂತೆ ಬಿಚ್ಚಿಕೊಳ್ಳುವ ಒಂಬತ್ತು ಮೀಟರ್ ಅಗಲದ ಆಂಟೆನಾ ಆ ಉಪಗ್ರಹಕ್ಕಿತ್ತು. ಮೇಲಿನಿಂದ ಬರುವ ಸಂಕೇತ ಅಷ್ಟು ಬಲವಾಗಿದ್ದುದರಿಂದ ಹಳ್ಳಿಯಲ್ಲಿ ದೊಡ್ಡ ಯಂತ್ರ ಬೇಕಾಗಲಿಲ್ಲ. ಕೋಳಿಗೂಡಿಗೆ ಹೊಡೆಯುವಂಥ ತಂತಿಜಾಳಿಗೆಯಿಂದ ಮಾಡಿದ ಮೂರು ಮೀಟರ್ ಅಗಲದ ತಟ್ಟೆ ಸಾಕಾಯಿತು. ಶಾಲೆಯಂಥ ಊರ ಕಟ್ಟಡದಲ್ಲಿ ಕಪ್ಪು-ಬಿಳುಪು ಟಿವಿ ಇರುತ್ತಿತ್ತು. ಒಂದೇ ಚಿತ್ರದ ಜೊತೆ ಎರಡು ಧ್ವನಿ ಕಳುಹಿಸುವ ಏರ್ಪಾಡೂ ಇತ್ತು. ಒಂದೇ ಚಿತ್ರ ಒಂದೂರಲ್ಲಿ ಕನ್ನಡ, ಇನ್ನೊಂದೂರಲ್ಲಿ ತೆಲುಗು ಮಾತಾಡಬಲ್ಲದಾಗಿತ್ತು.

ದಿನಕ್ಕೆ ನಾಲ್ಕು ತಾಸು ಪ್ರಸಾರ. ಬೆಳಿಗ್ಗೆ ಒಂದೂವರೆ ತಾಸು ಶಾಲಾ ಮಕ್ಕಳಿಗೆ. ಕನ್ನಡ, ತೆಲುಗು, ಒಡಿಯಾ, ಹಿಂದಿ ನಾಲ್ಕೂ ಭಾಷೆ ಅದನ್ನು ಹಂಚಿಕೊಂಡಾಗ ಒಂದೊಂದಕ್ಕೆ ಸಿಕ್ಕಿದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆಯ ಎರಡೂವರೆ ತಾಸು ದೊಡ್ಡವರದು. ಇದಲ್ಲದೆ ಹಳ್ಳಿಯ ಪ್ರಾಥಮಿಕ ಶಾಲಾ ಶಿಕ್ಷಕರಿಗೆ 12 ದಿನಗಳ ವಿಜ್ಞಾನ ತರಬೇತಿಯನ್ನೂ ಇದೇ ಟಿವಿಯಲ್ಲಿ ಕೊಟ್ಟರು. ಆ ತರಬೇತಿ ಬರೀ ಟಿವಿ ನೋಡುವುದಾಗಿರಲಿಲ್ಲ. ಜೊತೆಗೆ ಓದುವ ಸಾಮಗ್ರಿ, ಕೈಯಾರೆ ಮಾಡುವ ಪ್ರಯೋಗ, ಚರ್ಚೆ ಎಲ್ಲವೂ ಇದ್ದವು.

ಫಲ ಸಿಕ್ಕಿದ್ದೆಲ್ಲಿ

ಪ್ರಯೋಗ ಮುಗಿದ ಮೇಲೆ ಸಮಾಜ ವಿಜ್ಞಾನಿಗಳು ಫಲಿತಾಂಶ ಅಳೆದರು. ಆರೋಗ್ಯ, ಕುಟುಂಬ ಯೋಜನೆ, ಪಶುಪಾಲನೆಯ ತಿಳಿವಳಿಕೆ ಹೆಚ್ಚಿತ್ತು; ಅದರಲ್ಲೂ ಓದು ಬಾರದವರಿಗೆ, ಹೆಣ್ಣುಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಆದರೆ ಬೇಸಾಯದ ಹೊಸ ಪದ್ಧತಿಗಳನ್ನು ರೈತರು ಹೊಲಕ್ಕೆ ಇಳಿಸಿದ್ದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಹೊಸ ಬೀಜದ ವಿಷಯ ಟಿವಿ ಹೇಳಬಲ್ಲದು. ಬೀಜ, ಗೊಬ್ಬರ, ಸಾಲ, ನೀರು ಕೊಡಲಾರದು. ನೋಡುವವರಿಗೆ ಸಂಶಯ ಬಂದರೆ ಉತ್ತರವನ್ನೂ ಹೇಳಲಾರದು. ಮಾತಿನ ಅಂತರವೂ ಸಣ್ಣದಲ್ಲ. ದೂರದ ಸ್ಟುಡಿಯೊದಲ್ಲಿ ಬರೆದ ವಿವರಣೆ ‘ಕಬ್ಬಿನ ಗದ್ದೆ’ ಎನ್ನುತ್ತದೆ. ನಮ್ಮ ಲೋಕಾಪುರದ ಕಡೆ ಅದು ‘ಕಬ್ಬಿನ ಪಡ’. ಅಲ್ಲಿ ‘ಬಿತ್ತನೆ’, ಇಲ್ಲಿ ‘ಬಿತ್ತಿಗೆ’. ಅರ್ಥ ತಿಳಿಯುತ್ತದೆ, ಆದರೆ ಇದು ಬೇರೆಯವರ ಹೊಲದ ಮಾತು ಎಂಬ ಭಾವ ಉಳಿಯುತ್ತದೆ.

ಈ ಕೊರತೆ ನೀಗಲು ಮುಂದೆ ಬಂದದ್ದು, ಚಿತ್ರ ಒಂದು ಕಡೆಯಿಂದ, ಮಾತು ಎರಡೂ ಕಡೆಯಿಂದ ಹೋಗುವ ಏರ್ಪಾಡು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿಂದ ಪಂಚಾಯ್ತಿ ಸದಸ್ಯರಿಗೆ ಉಪಗ್ರಹದ ಮೂಲಕ ನಡೆಯುವ ಸ್ಯಾಟ್‌ಕಾಂ ತರಬೇತಿ ಹೀಗೆಯೇ. ತಾಲ್ಲೂಕು ಕೇಂದ್ರದಲ್ಲಿ ಕುಳಿತವರು ಪರದೆ ನೋಡುತ್ತಾರೆ, ಫೋನಿನಲ್ಲಿ ಪ್ರಶ್ನೆ ಕೇಳುತ್ತಾರೆ, ಉತ್ತರ ಸ್ಟುಡಿಯೊದಿಂದ ಆಗಲೇ ಬರುತ್ತದೆ. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಉಪಗ್ರಹ ಹಾರಿಸಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಉಪಗ್ರಹ ಪಾಠ ಬಂತು.

ಇಂದು ಬಳಸುವುದು ಹೇಗೆ

ಈಗ ವ್ಯಾನಿಗೆ ಕಾಯಬೇಕಿಲ್ಲ. 2017ರಲ್ಲಿ ಶುರುವಾದ ದೀಕ್ಷಾ ಆ್ಯಪ್ ತೆರೆದು ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ ವಿಡಿಯೊ ಸಿಗುತ್ತದೆ. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಬಂದ ‘ಸಂವೇದ’ ಪಾಠಗಳನ್ನು ಎಷ್ಟೋ ಮಕ್ಕಳು ಮನೆಯಲ್ಲೇ ನೋಡಿದರು. ಬಳಸುವವರು ಕೆಲವು ಸಂಗತಿ ನೆನಪಿಡಬೇಕು.

ಮೊದಲು ತಾವೇ ನೋಡಿ. ಇಪ್ಪತ್ತು ನಿಮಿಷದ ಚಿತ್ರದಲ್ಲಿ ನಿಮ್ಮ ತರಗತಿಗೆ ಬೇಕಾದದ್ದು ಆರು ನಿಮಿಷವಿರಬಹುದು. ಅಷ್ಟನ್ನೇ ತೋರಿಸಿ.

ಮೊದಲೇ ಇಳಿಸಿಕೊಳ್ಳಿ. ದೀಕ್ಷಾದ ಪಾಠವನ್ನು ಫೋನಿನಲ್ಲಿ ಉಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕೋಣೆಯಲ್ಲೂ ತೋರಿಸಬಹುದು.

ನಡುವೆ ನಿಲ್ಲಿಸಿ, ಊರ ಮಾತಿನಲ್ಲಿ ಹೇಳಿ. ಹನಿ ನೀರಾವರಿಯ ಚಿತ್ರದಲ್ಲಿ ಫಿಲ್ಟರ್ ತೊಳೆಯುವ ಭಾಗ ಬಂದಾಗ ನಿಲ್ಲಿಸಿ, ‘ನಿಮ್ಮ ಹೊಲದಾಗಿನ ಫಿಲ್ಟರ್ ಯಾವಾಗ ತೊಳದೀರಿ?’ ಎಂದು ಕೇಳಿ. ಅಲ್ಲಿಂದ ಮಾತು ತಾನಾಗಿ ಹೊರಡುತ್ತದೆ.

ಕೈಯಾರೆ ಮಾಡಿಸಿ. ಭೇದಿಯಾದ ಕೂಸಿಗೆ ಕೊಡುವ ಓಆರ್‌ಎಸ್ ಚಿತ್ರದಲ್ಲಿ ಒಂದು ಲೀಟರ್ ನೀರಿಗೆ ದೊಡ್ಡ ಪೊಟ್ಟಣ ಹಾಕಿ ಕಲಸುವುದನ್ನು ಅಳತೆಯ ಪಾತ್ರೆಯಲ್ಲಿ ತೋರಿಸುತ್ತಾರೆ. ತಾಯಿಯ ಮನೆಯಲ್ಲಿರುವುದು ತಂಬಿಗೆ. ಆ ತಂಬಿಗೆಯಲ್ಲಿ ಎಷ್ಟು ತುಂಬಿದರೆ ಒಂದು ಲೀಟರ್ ಎಂದು ಆಶಾ ಕಾರ್ಯಕರ್ತೆ ಒಮ್ಮೆ ಅಳೆದು ತೋರಿಸಿದರೆ ಮಾತ್ರ ಆ ಚಿತ್ರ ಕೂಸಿನ ಜೀವಕ್ಕೆ ಉಪಯೋಗವಾಗುತ್ತದೆ.

ಕಾನೂನನ್ನೂ ತಿಳಿದಿರಿ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ತೆಗೆದ ಚಿತ್ರಕ್ಕೆ ಆ ದೇಶದಲ್ಲಿ ಹಕ್ಕುಸ್ವಾಮ್ಯವಿಲ್ಲ. ನಮ್ಮಲ್ಲಿ ಹಾಗಲ್ಲ, 1957ರ ಕಾಯ್ದೆಯ ಪ್ರಕಾರ ಸರ್ಕಾರದ ಚಿತ್ರಕ್ಕೂ ಪ್ರಕಟವಾದ ಮೇಲೆ 60 ವರ್ಷ ಹಕ್ಕುಸ್ವಾಮ್ಯವಿದೆ. ಶಾಲೆಯ ಚಟುವಟಿಕೆಯ ಭಾಗವಾಗಿ ಮಕ್ಕಳಿಗೆ, ಪಾಲಕರಿಗೆ ತೋರಿಸಲು ಅಡ್ಡಿಯಿಲ್ಲ. ಕತ್ತರಿಸಿ ನಿಮ್ಮ ಸ್ವಂತ ಚಾನೆಲ್‌ಗೆ ಹಾಕಬೇಕಾದರೆ ಅನುಮತಿ ಬೇಕು.

ಹೀಗೆ ರೀಲು ಹೋಗಿ ತಂತಿಜಾಳಿಗೆಯ ತಟ್ಟೆ ಬಂತು, ತಟ್ಟೆ ಹೋಗಿ ಅಂಗೈಯ ಫೋನು ಬಂತು. ಚಿತ್ರದ ಪಕ್ಕದಲ್ಲಿ ನಿಂತು ಬಿಡಿಸಿ ಹೇಳುವವರ ಅಗತ್ಯ ಮಾತ್ರ ಆಗಲೂ ಇತ್ತು, ಈಗಲೂ ಇದೆ. ಲೋಕಾಪುರದ ಸುತ್ತಿನ ಶಿಕ್ಷಕರಲ್ಲಿ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಲ್ಲಿ, ಪಂಚಾಯ್ತಿಯವರಲ್ಲಿ ಒಂದೇ ಕೋರಿಕೆ: ಚಿತ್ರ ಹತ್ತು ನಿಮಿಷ ತೋರಿಸಿದರೆ, ಅದರ ಮೇಲಿನ ಮಾತಿಗೆ ಇನ್ನೂ ಹತ್ತು ನಿಮಿಷ ಎತ್ತಿಡಿ. ಪಾಠ ಮನೆ ಮುಟ್ಟುವುದು ಆ ಹತ್ತು ನಿಮಿಷದಲ್ಲಿ.