ಬೃಹದಂತ್ರದ ಹುಣ್ಣುರೋಗವೂ ಹಿತಕರ ಸೂಕ್ಷ್ಮಜೀವಿಗಳೂ: ಒಂದು ಚಾರಿತ್ರಿಕ ವಿವೇಚನೆ

ಬೃಹದಂತ್ರದ ಒಳಪೊರೆಯಲ್ಲಿ ಉರಿಯೂತವೂ ಹುಣ್ಣೂ ಉಂಟಾಗಿ, ರಕ್ತಮಿಶ್ರಿತ ಭೇದಿ, ಹೊಟ್ಟೆನೋವು, ನಿಶ್ಶಕ್ತಿಗಳಿಂದ ರೋಗಿಯನ್ನು ಬಳಲಿಸುವ ವ್ಯಾಧಿಗೆ ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರು. ಕೆಲಕಾಲ ಶಮನಗೊಂಡು ಮತ್ತೆ ಕೆರಳುವುದು ಅದರ ಸ್ವಭಾವ. ಈ ಸ್ವಭಾವವೇ ಚಿಕಿತ್ಸೆಯ ಚರಿತ್ರೆಯನ್ನು ಜಟಿಲಗೊಳಿಸಿದೆ. ತಾನಾಗಿ ತಗ್ಗಿದ ರೋಗವನ್ನು ಆಗ ಸೇವಿಸುತ್ತಿದ್ದ ವಸ್ತುವೇ ತಗ್ಗಿಸಿತೆಂದು ಭಾವಿಸುವುದು ಸುಲಭ. ಪ್ರೊಬಯಾಟಿಕ್ ಎನ್ನಿಸಿಕೊಳ್ಳುವ ಜೀವಂತ ಸೂಕ್ಷ್ಮಜೀವಿಗಳನ್ನು ಈ ರೋಗದಲ್ಲಿ ಬಳಸುವುದಕ್ಕೆ ಎಷ್ಟರಮಟ್ಟಿನ ಆಧಾರವಿದೆಯೆಂದು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹುಳಿಹಾಲಿನ ಜೀವಾಣುಗಳು ಕರುಳಿನೊಳಗಿನ ಕೊಳೆತವನ್ನು ತಡೆದು ಆಯುಷ್ಯವನ್ನು ವೃದ್ಧಿಪಡಿಸುತ್ತವೆಂಬ ವಾದವನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕಾಫನು 20ನೆಯ ಶತಮಾನದ ಮೊದಲ ದಶಕದಲ್ಲಿ ಮುಂದಿಟ್ಟನು. 1908ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆತದ್ದು ರೋಗನಿರೋಧಶಕ್ತಿಯ ಸಂಶೋಧನೆಗಾಗಿಯೇ ಹೊರತು ಈ ವಾದಕ್ಕಾಗಿ ಅಲ್ಲ. ಆದರೂ ಆ ಕೀರ್ತಿಯ ಬಲದಿಂದ ವಾದವೂ ಪ್ರಚಾರಕ್ಕೆ ಬಂದಿತು.

ಎರಡನೆಯ ಘಟ್ಟವು ಮೊದಲನೆಯ ಮಹಾಯುದ್ಧಕ್ಕೆ ಸಂಬಂಧಿಸಿದುದು. 1917ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ವೈದ್ಯ ಆಲ್‌ಫ್ರೆಡ್ ನಿಸ್ಲೆಯು, ಸುತ್ತಲಿನ ಸೈನಿಕರು ಆಮಶಂಕೆಯಿಂದ ನರಳುತ್ತಿರುವಾಗ ತಾನು ಮಾತ್ರ ಆರೋಗ್ಯದಿಂದಿದ್ದ ಒಬ್ಬ ಸೈನಿಕನ ಮಲದಿಂದ ಎಷರಿಕಿಯಾ ಕೋಲೈ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಬೇರ್ಪಡಿಸಿದನು. ಅದು ಮ್ಯುಟಾಫ್ಲೋರ್ ಎಂಬ ಹೆಸರಿನಿಂದ ಔಷಧವಾಗಿ ಬಳಕೆಗೆ ಬಂದಿತು. ಈ ತಳಿಯು ಇತರ ಬ್ಯಾಕ್ಟೀರಿಯಾಗಳನ್ನು ಹಿಮ್ಮೆಟ್ಟಿಸುವ ಮೈಕ್ರೋಸಿನ್‌ಗಳೆಂಬ ದ್ರವ್ಯಗಳನ್ನು ಸ್ರವಿಸುತ್ತದೆಂದೂ, ಕರುಳಿನ ಒಳಪೊರೆಯ ಕೋಶಗಳ ಬೆಸುಗೆಯನ್ನು ಭದ್ರಪಡಿಸಬಲ್ಲುದೆಂದೂ ಪ್ರಯೋಗಾಲಯಗಳಲ್ಲಿ ಅನಂತರ ಕಂಡುಬಂದಿದೆ. ಆದರೆ ಒಬ್ಬ ಸೈನಿಕನ ನಿದರ್ಶನವು ಊಹೆಗೆ ಪ್ರೇರಣೆಯಾಗಬಹುದೇ ವಿನಾ ಪ್ರಮಾಣವಾಗಲಾರದು. ಒಂದೇ ಶಾಸನದ ಆಧಾರದಿಂದ ರಾಜವಂಶದ ಚರಿತ್ರೆಯನ್ನೆಲ್ಲ ಬರೆಯಲಾಗದೆಂಬುದನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರಮಾಣವು ದೊರೆಯಲು ಸುಮಾರು 80 ವರ್ಷಗಳು ಹಿಡಿದವು. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರೋಗವು ಶಮನಗೊಂಡಿದ್ದ 327 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ನಿಸ್ಲೆಯ ತಳಿಯನ್ನೂ ಇನ್ನೊಂದಕ್ಕೆ ರೂಢಿಯ ಔಷಧವಾದ ಮೆಸಲಜೀನನ್ನೂ 12 ತಿಂಗಳ ಕಾಲ ಕೊಡಲಾಯಿತು. ಪ್ರಯೋಗದ ನಿಯಮಗಳನ್ನು ಪಾಲಿಸಿದವರ ಪೈಕಿ ರೋಗವು ಮರುಕಳಿಸಿದವರು ಮೊದಲ ಗುಂಪಿನಲ್ಲಿ ಶೇಕಡಾ 36.4, ಎರಡನೆಯದರಲ್ಲಿ ಶೇಕಡಾ 33.9. ಎರಡೂ ಸಮಾನವೆಂಬುದು ಇದರ ತಾತ್ಪರ್ಯ. ಜೀವಾಣುವು ಔಷಧವನ್ನು ಮೀರಿಸಿತೆಂದಾಗಲಿ, ಎರಡರಿಂದಲೂ ರೋಗವು ವಾಸಿಯಾಯಿತೆಂದಾಗಲಿ ಇಲ್ಲಿ ಸಿದ್ಧವಾಗಲಿಲ್ಲ. ಮೂವರಲ್ಲಿ ಒಬ್ಬರಿಗಾದರೂ ರೋಗವು ಮರಳಿತು.

ಭಾರತದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಸೌಮ್ಯ ಅಥವಾ ಮಧ್ಯಮ ಪ್ರಮಾಣದ ರೋಗವಿದ್ದ 147 ಮಂದಿಯನ್ನು ಪರೀಕ್ಷಿಸಲಾಯಿತು. ಎಂಟು ತಳಿಗಳ ಮಿಶ್ರಣವನ್ನು ಸೇವಿಸಿದವರಲ್ಲಿ 12 ವಾರಗಳ ಕೊನೆಗೆ ಶೇಕಡಾ 42.9 ಮಂದಿಗೂ, ಹುಸಿಮದ್ದನ್ನು ಸೇವಿಸಿದವರಲ್ಲಿ ಶೇಕಡಾ 15.7 ಮಂದಿಗೂ ಶಮನ ದೊರೆಯಿತು. ಇದು ಗಣನೀಯವಾದ ಅಂತರ. ಹುಸಿಮದ್ದಿನಿಂದಲೂ ಕೆಲವರು ಸುಧಾರಿಸಿದರೆಂಬುದೂ ಅಷ್ಟೇ ಗಮನಾರ್ಹ. ಮೇಲೆ ಹೇಳಿದ ರೋಗಸ್ವಭಾವಕ್ಕೆ ಇದೇ ಸಾಕ್ಷಿ.

ಹೀಗಿದ್ದರೂ 2020ರಲ್ಲಿ ಅಮೆರಿಕದ ಜಠರಾಂತ್ರವೈದ್ಯರ ಸಂಘವು ಲಭ್ಯವಿದ್ದ ಸಾಕ್ಷ್ಯಗಳನ್ನೆಲ್ಲ ತೂಗಿನೋಡಿ, ಈ ರೋಗದಲ್ಲಿ ಪ್ರೊಬಯಾಟಿಕ್‌ಗಳನ್ನು ಪ್ರಯೋಗಗಳ ಚೌಕಟ್ಟಿನಲ್ಲಿ ಮಾತ್ರ ಬಳಸಬೇಕೆಂದು ಸಲಹೆ ಮಾಡಿತು. ಪ್ರಯೋಗಗಳಲ್ಲಿ ಬಳಸಿದ ತಳಿಗಳೂ ಪ್ರಮಾಣಗಳೂ ಬೇರೆಬೇರೆಯಾಗಿರುವುದರಿಂದ ಒಂದರ ಫಲವನ್ನು ಮತ್ತೊಂದಕ್ಕೆ ಆರೋಪಿಸುವಂತಿಲ್ಲ.

ನಮ್ಮ ಮನೆಗಳ ಮೊಸರು ಮಜ್ಜಿಗೆಗಳ ವಿಷಯದಲ್ಲಿಯೂ ಇದೇ ವಿವೇಕವು ಅವಶ್ಯಕ. ಅವುಗಳಲ್ಲಿ ಜೀವಂತ ಬ್ಯಾಕ್ಟೀರಿಯಾಗಳಿರುವುದು ನಿಜ. ಆದರೆ ಹೆಪ್ಪಿನಿಂದ ಹೆಪ್ಪಿಗೆ ತಳಿಯೂ ಸಂಖ್ಯೆಯೂ ಬದಲಾಗುತ್ತವೆ. ಆದಕಾರಣ ಮೊಸರು ಒಗ್ಗುವವರಿಗೆ ಒಳ್ಳೆಯ ಆಹಾರ. ಪರೀಕ್ಷಿತ ಔಷಧಕ್ಕೆ ಅದು ಬದಲಿಯಲ್ಲ. ರೋಗನಿರೋಧಶಕ್ತಿಯು ತೀರ ಕುಂದಿದವರಲ್ಲಿ ಪ್ರೊಬಯಾಟಿಕ್ ಜೀವಾಣುಗಳೇ ರಕ್ತವನ್ನು ಸೇರಿ ಅಪಾಯವನ್ನು ತಂದ ನಿದರ್ಶನಗಳೂ ಉಂಟು.

ಒಟ್ಟಿನಲ್ಲಿ, ಕೆಲವು ತಳಿಗಳು ಕೆಲವು ರೋಗಿಗಳಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸಹಾಯಕವಾಗಬಲ್ಲವು ಎಂಬಷ್ಟಕ್ಕೆ ಆಧಾರವಿದೆ. ಶಮನವನ್ನು ಗುಣವೆಂದು ತಿಳಿದು ನಿಯತವಾದ ಔಷಧವನ್ನು ತಾವಾಗಿ ನಿಲ್ಲಿಸುವವರಿಗೆ ರೋಗವು ಮತ್ತೆ ಕೆರಳುವ ಸಂಭವವು ಹೆಚ್ಚು. ಆಧಾರದ ಮಿತಿಯನ್ನರಿತು ಮಾತನಾಡುವುದು ಇತಿಹಾಸದಲ್ಲಿ ವಿದ್ವತ್ತಿನ ಲಕ್ಷಣ. ಇಲ್ಲಿ ಅದು ರೋಗಿಯ ಕ್ಷೇಮದ ಪ್ರಶ್ನೆಯೂ ಆಗಿದೆ.